ಆಸ್ತಿ ತೆರಿಗೆ: ಮನ್ನಾ ಕೇಳುವುದಕ್ಕಿಂತ ಇದನ್ನು ಕೇಳೋಣ

ಅಣ್ಣಾ, ದಾವಣಗೆರೆ ಹಳೇ ಪೇಟೆಯಲ್ಲಿರುವ ನಿಮ್ಮ ತಾಯಿಯವರ ಮನೆಯ ತೆರಿಗೆ ವರ್ಷ ವರ್ಷವೂ ಏರುತ್ತಿದೆ, ರೈತ ಕುಟುಂಬಗಳಿಗೆ ಅದನ್ನು ಮನ್ನಾ ಮಾಡಿ ಎಂದು ನಮ್ಮ ಈ ಗುಂಪಿನಿಂದ ಪಾಲಿಕೆಗೆ ಮನವಿ ಕೊಡೋಣ ಎಂದಿದ್ದೀರಿ. ನಿಮ್ಮ ಸಂಕಟ ನಿಜ. ಆದರೂ ಮನ್ನಾ ಕೇಳುವ ಮನವಿಗೆ ನಾನು ಸಹಿ ಹಾಕಲಾರೆ.

ಗದ್ದೆಗೆ ಈ ತೆರಿಗೆ ಇಲ್ಲ, ಅದರ ಭೂಕಂದಾಯ ಬೇರೆ. ಪಾಲಿಕೆ ಮನೆಗೆ ತೆರಿಗೆ ಲೆಕ್ಕ ಹಾಕುವುದು ಮಾರ್ಗಸೂಚಿ ಬೆಲೆಯ, ಅಂದರೆ ಆಸ್ತಿ ನೋಂದಣಿಗೆಂದು ಸರ್ಕಾರ ಗೊತ್ತುಮಾಡಿದ ಬೆಲೆಯ, ಶೇ 25ರ ಮೇಲೆ. ಅಕ್ಕಪಕ್ಕ ಅಂಗಡಿಗಳು ಎದ್ದರೆ ಆ ಬೆಲೆ ಏರುತ್ತದೆ, ಒಳಗೆ ವಾಸವಿರುವ ಅಜ್ಜಿಯ ಆದಾಯ ಏರುವುದಿಲ್ಲ. ಅನ್ಯಾಯವಾಗುತ್ತಿರುವುದು ಇಲ್ಲಿ. ಇನ್ನೊಂದು ಕಡೆ ಶಾಮನೂರು, ಆವರಗೆರೆ ಸುತ್ತ ನೋಡಿ. ಭದ್ರಾ ನಾಲೆಯ ನೀರುಂಡ ಗದ್ದೆಗಳು ಬಡಾವಣೆಗಳಾಗಿವೆ, ಎಷ್ಟೋ ನಿವೇಶನಗಳಲ್ಲಿ ಪಾರ್ಥೇನಿಯಂ ಬೆಳೆದು ನಿಂತಿದೆ. ರಸ್ತೆ, ಚರಂಡಿ, ಬೀದಿ ದೀಪಕ್ಕೆ ಜನರ ಹಣ ಸುರಿದಷ್ಟೂ ಅವುಗಳ ಬೆಲೆ ಏರುತ್ತದೆ. ಮನೆ ಕಟ್ಟಿದವರಿಗೆ ಕಟ್ಟಡದ ಮೌಲ್ಯವೂ ಸೇರಿ ತೆರಿಗೆ ಹೆಚ್ಚು, ಸುಮ್ಮನೆ ಕಾದು ಕುಳಿತವರಿಗೆ ಕಡಿಮೆ. ಕೆಲವು ವರ್ಷ ಮೀರಿ ಖಾಲಿ ಬಿಟ್ಟ ನಿವೇಶನಕ್ಕೆ ದರ ಏರಿಸಿ ಎಂದು ನಾವು ಜೋರಾಗಿಯೇ ಕೇಳಬೇಕು.

ಸ್ವಂತ ಮನೆಯಲ್ಲಿ ವಾಸಿಸುವ ಹಿರಿಯರಿಗೆ ತೆರಿಗೆ ಮುಂದೂಡುವ ಅವಕಾಶ ಇರಲಿ. ಕೆನಡಾದ ಬ್ರಿಟಿಷ್ ಕೊಲಂಬಿಯಾದಲ್ಲಿ 55 ದಾಟಿದವರಿಗೆ ಇಂಥದೊಂದು ವ್ಯವಸ್ಥೆ ಇದೆ: ತೆರಿಗೆಯನ್ನು ಅವರ ಪರವಾಗಿ ಪ್ರಾಂತೀಯ ಸರ್ಕಾರವೇ ಕಟ್ಟುತ್ತದೆ, ಅದು ಮನೆಯ ಮೇಲೆ ಸಾಲವಾಗಿ ಉಳಿದು, ಮನೆ ಮಾರಿದಾಗ ತೀರುತ್ತದೆ. ಊರಿನ ಬೊಕ್ಕಸಕ್ಕೂ ನಷ್ಟವಿಲ್ಲ.

ಮನ್ನಾ ಬೇಡ ಎನ್ನಲು ಇನ್ನೊಂದು ಕಾರಣವಿದೆ. ನಗರಗಳಿಗೆ ಅನುದಾನ ಬೇಕಾದರೆ ರಾಜ್ಯಗಳು ಆಸ್ತಿ ತೆರಿಗೆಗೆ ಕನಿಷ್ಠ ದರ ನಿಗದಿ ಮಾಡಬೇಕು, ವಸೂಲಿಯೂ ಬೆಳೆಯಬೇಕು ಎಂದು ಕೇಂದ್ರದ ಹಣದ ಹಂಚಿಕೆಗೆ ಶಿಫಾರಸು ಮಾಡುವ 15ನೇ ಹಣಕಾಸು ಆಯೋಗ ಷರತ್ತು ಹಾಕಿತ್ತು. ತೆರಿಗೆ ಬಿಟ್ಟರೆ ಅನುದಾನಕ್ಕೂ ಕುತ್ತು, ಆಮೇಲೆ ಮೊದಲು ಸೊರಗುವುದು ಬಡವರ ಕೇರಿಯ ಚರಂಡಿ.

ಸದ್ಯಕ್ಕೆ ತಾಯಿಯವರಿಗೆ ಪಾಲಿಕೆ ಕೊಟ್ಟ ತೆರಿಗೆ ಬೇಡಿಕೆ ಚೀಟಿಯಲ್ಲಿ ಮನೆಯ ಅಳತೆ, ಕಟ್ಟಡದ ವಯಸ್ಸು, ವಾಸವೋ ವಾಣಿಜ್ಯವೋ ಎಂಬುದನ್ನು ನೋಡಿ. ಹಳೆಯ ಕಟ್ಟಡಕ್ಕೆ ಸವಕಳಿ, ಅಂದರೆ ಹಳತಾದಂತೆ ಇಳಿದ ಮೌಲ್ಯ, ಕಳೆಯಬೇಕು. ತೆರಿಗೆಯ ಮೇಲೆ ಗ್ರಂಥಾಲಯ ಕರ ಶೇ 6, ಭಿಕ್ಷುಕರ ಪುನರ್ವಸತಿಗಾಗಿ ಹಾಕುವ ಭಿಕ್ಷುಕರ ಕರ ಶೇ 3 ಎಂದಿರುವುದು ತಪ್ಪಲ್ಲ, ಅದು ಕಾನೂನಿನದೇ. ತಕರಾರಿದ್ದರೆ ಲಿಖಿತ ಅರ್ಜಿ ಕೊಟ್ಟು ಸ್ವೀಕೃತಿ ಪಡೆಯಿರಿ, ಆದರೆ ಕಟ್ಟುವುದನ್ನು ನಿಲ್ಲಿಸಬೇಡಿ. ಏಪ್ರಿಲ್‌ನಲ್ಲಿ ಕಟ್ಟಿದರೆ ಶೇ 5 ರಿಯಾಯಿತಿ, ಜೂನ್ ದಾಟಿದರೆ ತಿಂಗಳಿಗೆ ಶೇ 2 ದಂಡ.

ಮನವಿಯ ಕರಡನ್ನು ನಾನೇ ಬರೆಯುತ್ತೇನೆ. ಖಾಲಿ ನಿವೇಶನದ ಬಗ್ಗೆ ನಿಮ್ಮ ಬಡಾವಣೆಯವರು ಏನೆನ್ನುತ್ತಾರೆ ಎಂಬುದನ್ನು ಕೇಳಿ ಇಲ್ಲಿ ಹಾಕಿ.