ವಿಟಮಿನ್ ಡಿ 11 ಬಂದಿದೆ. ಬೇಗ ಏರಿಸೋಕೆ 60,000 ಐಯು (ವಿಟಮಿನ್ ಅಳೆಯೋ ಯೂನಿಟ್) ಇರೋ ಪುಡಿಯ ಸ್ಯಾಶೆ ದಿನಾ ಕುಡೀಬಹುದಾ?

ಬೇಡ. ನಿಮ್ಮದು 11, ನಂದು 9 ಇತ್ತು. ನಾನು ದಿನಾ ಕುಡಿದವನೇ.

ಮನೆ ವಿಜಯನಗರ, ಆಫೀಸು ವೈಟ್‌ಫೀಲ್ಡ್. ಬೆಳಗ್ಗೆ ಏಳೂವರೆಗೆ ಮೆಟ್ರೋ ಹತ್ತಿದ್ರೆ ವಾಪಸ್ ಬರೋದು ಕತ್ತಲಾದ ಮೇಲೆ. ಸೊಂಟ ನೋವು, ಎರಡು ಮಹಡಿ ಹತ್ತೋದ್ರೊಳಗೆ ತೊಡೆ ಸೋತುಹೋಗೋದು. ರಕ್ತ ಪರೀಕ್ಷೆ ಆಯ್ತು, ಡಾಕ್ಟರು ಚೀಟಿ ಬರೆದರು.

ಎಡವಿದ್ದು ಆ ಚೀಟೀಲಿ. ಎರಡೇ ಸಾಲು. ಮೊದಲನೇದು ಕ್ಯಾಲ್ಸಿಯಂ ಮಾತ್ರೆ, ಎದುರಿಗೆ 1-0-0, ಅಂದ್ರೆ ಬೆಳಗ್ಗೆ ಮಾತ್ರ ಒಂದು. ಎರಡನೇದು ಸ್ಯಾಶೆ, ಅದರ ಎದುರಿಗೂ 1-0-0. ಕೆಳಗೆ ಇರುವೆ ಹರಿದ ಹಾಗೆ 'ವೀಕ್ಲಿ'. ಅದು ಡಾಕ್ಟರ ಸಹಿಯ ಬಾಲ ಅಂದ್ಕೊಂಡೆ ನಾನು! ಎಂಟು ಸ್ಯಾಶೆ ಎಂಟು ದಿನಕ್ಕೆ ಮುಗೀತು. ಎರಡು ತಿಂಗಳಿಗೆ ಬರೆದದ್ದು ಒಂದೇ ವಾರಕ್ಕೆ ಹೇಗೆ ಖಾಲಿ ಆಯ್ತು ಅಂತ ಆಗಲಾದರೂ ಯೋಚಿಸಬೇಕಿತ್ತಲ್ಲ? ಇಲ್ಲ. ಮೆಡಿಕಲ್ ಶಾಪಿಗೆ ಹೋದೆ, ಚೀಟಿ ಕೇಳದೆ ಕೊಟ್ಟರು. ಮತ್ತೆ ಹೋದೆ, ಮತ್ತೆ ಕೊಟ್ಟರು. ಹೀಗೆ ಎರಡು ತಿಂಗಳು ಬೆಳಗಿನ ಹಾಲಿಗೆ ಕದಡಿ ಕುಡಿದೆ. ವಿಟಮಿನ್ ತಾನೇ, ಹೆಚ್ಚಾದದ್ದು ಮೂತ್ರದಲ್ಲಿ ಹೋಗುತ್ತೆ ಅನ್ನೋ ಧೈರ್ಯ. ಬಿ ಕಾಂಪ್ಲೆಕ್ಸ್ ಹಾಗೆ ಹೋಗುತ್ತೆ, ಡಿ ಹೋಗಲ್ಲ. ಅದು ಮೈಯ ಕೊಬ್ಬಿನಲ್ಲಿ ಕೂತುಬಿಡುತ್ತೆ. ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) ಲೆಕ್ಕದಲ್ಲಿ ದಿನಕ್ಕೆ ಬೇಕಾದ್ದು 600 ಐಯು. ಅಂದ್ರೆ ನೂರು ದಿನದ್ದನ್ನ ನಾನು ಒಂದೇ ಲೋಟದಲ್ಲಿ ಇಳಿಸ್ತಿದ್ದೆ, ದಿನಾ.

ಮೊದಲು ಮಲಬದ್ಧತೆ. ಆಮೇಲೆ ಎಂಥ ಬಾಯಾರಿಕೆ ಅಂದ್ರೆ, ಮೆಟ್ರೋದಲ್ಲಿ ಒಂದು ಬಾಟಲಿ ನೀರು ಖಾಲಿ, ಅರ್ಧ ದಾರೀಲಿ ಇಂದಿರಾನಗರದಲ್ಲಿ ಇಳಿದು ಓಡಬೇಕು. "ನಿಮ್ಮಪ್ಪನ ಹಾಗೆ ನಿನಗೂ ಶುಗರ್ ಬಂತು ಕಣೋ" ಅಂತ ಅಮ್ಮನ ಗೋಳು. ಶುಗರ್ ನೋಡಿದ್ರೆ ಸರಿಯಾಗೇ ಇದೆ. ಡಿ ಮಿತಿಮೀರಿದ್ರೆ ರಕ್ತದಲ್ಲಿ ಕ್ಯಾಲ್ಸಿಯಂ ಏರುತ್ತೆ, ನಂದು 13! ಹತ್ತೂವರೆ ದಾಟಬಾರದು ಅದು. ಕಿಡ್ನಿ ಹೇಗಿದೆ ಅಂತ ತೋರಿಸೋ ಕ್ರಿಯಾಟಿನಿನ್ ಕೂಡ ಏರಿತ್ತು. ಐದು ದಿನ ಆಸ್ಪತ್ರೇಲಿ ಡ್ರಿಪ್ಪು. "ವಾರಕ್ಕೊಂದು ತಾನೇ ತಗೊಂಡಿದ್ದು?" ಅಂತ ಡಾಕ್ಟರು ಕೇಳಿದಾಗ "ದಿನಾ ಸಾರ್" ಅಂದೆ. ಅವರು ಪೆನ್ನು ಕೆಳಗಿಟ್ಟರು.

ಅಷ್ಟಕ್ಕೂ ಈ 'ಬೇಗ' ಯಾಕೆ? 11ಕ್ಕೆ ಇಳಿಯೋಕೆ ವರ್ಷಗಟ್ಟಲೆ ಹಿಡಿದಿರುತ್ತೆ, ಏರೋಕೆ ಎರಡು ತಿಂಗಳು ಕೊಡೋಕಾಗಲ್ವಾ? ಸಾಮಾನ್ಯವಾಗಿ ವಾರಕ್ಕೊಂದರಂತೆ ಎಂಟು ವಾರ ಬರೀತಾರೆ. ನಿಮಗೆ ಬರೆದಷ್ಟೇ ತಗೊಳ್ಳಿ, ವಾರದಲ್ಲಿ ಒಂದು ದಿನ ಗೊತ್ತು ಮಾಡ್ಕೊಂಡು, ತುಪ್ಪವೋ ಎಣ್ಣೆಯೋ ಇರೋ ಊಟದ ಜೊತೆ. ಬಿಸಿಲಿನ ವಿಷಯ ನೀವು ಕೇಳಿಲ್ಲ, ಆದರೂ ಹೇಳ್ತೀನಿ: ಬೆಳಗ್ಗೆ ಆರೂವರೆಗೆ ಲಾಲ್‌ಬಾಗ್ ಸುತ್ತಿದ್ರೆ ಕಾಲಿಗೆ ಒಳ್ಳೇದು, ಡಿಗೆ ಹೆಚ್ಚೇನೂ ಸಿಗಲ್ಲ. ನೆರಳು ನಿಮಗಿಂತ ಗಿಡ್ಡ ಇರುವಾಗ ಹೊರಗೆ ನಿಲ್ಲಬೇಕು. ಆಫೀಸಿನ ಗಾಜಿನ ಪಕ್ಕ ಕೂತರೆ ಸೆಖೆ ಅಷ್ಟೇ, ಡಿ ಹುಟ್ಟಿಸೋ ಕಿರಣ ಗಾಜು ದಾಟಲ್ಲ.

ಈಗಾಗಲೇ ಎಷ್ಟು ಸ್ಯಾಶೆ ಕುಡಿದಾಯ್ತು ಅಂತ ನೀವು ಬರೆದಿಲ್ಲ. ದಿನಾ ಶುರು ಮಾಡಿದ್ರೆ ಇವತ್ತೇ ನಿಲ್ಲಿಸಿ, ಡಾಕ್ಟರಿಗೆ ಫೋನ್ ಮಾಡಿ ಲೆಕ್ಕ ಹೇಳಿ. ಬಾಯಾರಿಕೆ ಜಾಸ್ತಿ ಆಗಿದ್ರೆ ನಾಳೇನೇ ಕ್ಯಾಲ್ಸಿಯಂ ಟೆಸ್ಟ್ ಮಾಡಿಸಿ.