ಇಸವಿ ಎರಡೆರಡು, ಅಕ್ಷರ ತಿರುಗುಮುರುಗು: ತಪ್ಪು ಟಂಕಸಾಲೆಯದೇ?

ಪ್ರಶ್ನೆ: ನನ್ನ ಬಳಿ ಮೂರು ವಿಚಿತ್ರ ನಾಣ್ಯಗಳಿವೆ. ಒಂದರ ಇಸವಿ ಎರಡೆರಡಾಗಿ ಕಾಣುತ್ತದೆ. ಇನ್ನೊಂದರ ಅಂಚಿನಲ್ಲಿ ಕಚ್ಚಿ ತೆಗೆದಂತೆ ಒಂದು ಚೂರು ಇಲ್ಲ. ಮೂರನೆಯದರ ಮೇಲೆ ಅಕ್ಷರಗಳು ಕನ್ನಡಿಯಲ್ಲಿ ಕಂಡಂತೆ ಉಲ್ಟಾ ಒತ್ತಿಕೊಂಡಿವೆ. ಇವು ಟಂಕಸಾಲೆಯ ತಪ್ಪುಗಳೋ, ಆಮೇಲೆ ಆದ ಹಾನಿಯೋ?

ಉತ್ತರ: ಚಲಾವಣೆಯ ನಾಣ್ಯ ಸಾಮಾನ್ಯವಾಗಿ ಒಂದೇ ಏಟಿಗೆ ಹುಟ್ಟುತ್ತದೆ. ಲೋಹದ ಬಿಲ್ಲೆಯನ್ನು ಎರಡು ಅಚ್ಚುಗಳ ನಡುವೆ, ಉಕ್ಕಿನ ಬಳೆಯೊಳಗೆ ಇಟ್ಟು ಒತ್ತಿದಾಗ ಲೋಹ ಹರಿದು ಅಚ್ಚಿನ ಸಂದುಗೊಂದುಗಳನ್ನೆಲ್ಲ ತುಂಬುತ್ತದೆ. ನಿಮ್ಮ ನಾಣ್ಯದ ವಿಚಿತ್ರ ಆ ಏಟಿಗೆ ಮುಂಚಿನದೋ, ಏಟಿನ ಹೊತ್ತಿನದೋ, ಅನಂತರದ್ದೋ ಎಂದು ಪತ್ತೆ ಮಾಡಬೇಕು. ಭೂತಗನ್ನಡಿ ಹಿಡಿದರೆ ಲೋಹವೇ ಬಾಯಿ ಬಿಡುತ್ತದೆ.

ಮೂರನೆಯದನ್ನೇ ಮೊದಲು ನೋಡೋಣ, ಏಕೆಂದರೆ ನಿರಾಸೆ ಮಾಡುವ ಸಾಧ್ಯತೆ ಅದಕ್ಕೇ ಹೆಚ್ಚು. ಒಂದು ನಾಣ್ಯದ ಮೇಲೆ ಇನ್ನೊಂದನ್ನಿಟ್ಟು ಸುತ್ತಿಗೆಯಿಂದ ಬಡಿದರೂ ಉಲ್ಟಾ ಅಕ್ಷರ ಮೂಡುತ್ತದೆ. ಆದರೆ ಆಗ ಆ ಮುಖದ ಮೂಲ ಚಿತ್ರ ಜಜ್ಜಿಹೋಗಿದ್ದರೂ ಅಡಿಯಲ್ಲಿ ಉಳಿದಿರುತ್ತದೆ, ಬೆನ್ನಿನ ಬದಿಯೂ ಚಪ್ಪಟೆಯಾಗಿರುತ್ತದೆ. ನಿಜವಾದ ದೋಷದಲ್ಲಿ, ಹಿಂದಿನ ನಾಣ್ಯ ಅಚ್ಚಿಗೇ ಅಂಟಿಕೊಂಡು ಮುಂದಿನ ಬಿಲ್ಲೆಗೆ ತಾನೇ ಅಚ್ಚಾಗುತ್ತದೆ. ಹಾಗಾಗಿ ಎರಡೂ ಮುಖಗಳಲ್ಲಿ ಒಂದೇ ಚಿತ್ರ: ಒಂದು ಕಡೆ ಸರಿಯಾಗಿ ಉಬ್ಬಿ, ಇನ್ನೊಂದು ಕಡೆ ಉಲ್ಟಾ ಆಗಿ ತಗ್ಗಿ. ನಿಮ್ಮ ನಾಣ್ಯವನ್ನು ತಿರುಗಿಸಿ ನೋಡಿ. ಹಿಂಬದಿಯಲ್ಲಿ ಬೇರೆ ಚಿತ್ರವಿದ್ದರೆ ಅದು ಸುತ್ತಿಗೆಯ ಕೈಚಳಕವೆಂದೇ ನನ್ನ ಅನುಮಾನ.

ಎರಡೆರಡು ಇಸವಿ ಅನುಭವಿಗಳನ್ನೂ ಯಾಮಾರಿಸುತ್ತದೆ. ಅಚ್ಚನ್ನು ತಯಾರಿಸುವಾಗಲೇ ಚಿತ್ರ ಎರಡು ಸಲ, ಕೊಂಚ ಸರಿದು ಒತ್ತಿಕೊಂಡಿದ್ದರೆ ಎರಡೂ ಅಂಕಿಗಳು ದುಂಡಗೆ ಉಬ್ಬಿರುತ್ತವೆ, ಮೂಲೆಗಳು ಸೀಳಿದಂತಿರುತ್ತವೆ, ಅಂಕಿ ಮೊದಲಿಗಿಂತ ದಪ್ಪವಾಗಿರುತ್ತದೆ. 1955ರ ಅಮೆರಿಕದ ಒಂದು ಸೆಂಟ್ ನಾಣ್ಯದಲ್ಲಿ ಇದು ಬರಿಗಣ್ಣಿಗೇ ಕಾಣುವುದರಿಂದ ಅದು ಸಂಗ್ರಾಹಕರ ಕನಸಿನ ನಾಣ್ಯ. ಬದಲಿಗೆ, ಏಟು ಬಿದ್ದಾಗ ಅಚ್ಚು ಅಲುಗಿದರೆ ಅಂಕಿಯ ಬದಿ ಸವರಿಹೋಗಿ ಮೆಟ್ಟಿಲಿನಂಥ ಚಪ್ಪಟೆ ನೆರಳು ಉಳಿಯುತ್ತದೆ, ಅಂಕಿ ತೆಳ್ಳಗಾಗುತ್ತದೆ. ಇದೂ ಟಂಕಸಾಲೆಯಲ್ಲೇ ಆದದ್ದು, ಸುಳ್ಳಲ್ಲ. ಆದರೆ ತೀರಾ ಸಾಮಾನ್ಯವಾದ್ದರಿಂದ ಇದನ್ನು ಕೇಳುವವರಿಲ್ಲ.

ಅಂಚಿನ ಚೂರಿನ ವಿಷಯಕ್ಕೆ ತಕ್ಕಡಿ ಬೇಡ; ಟಂಕಸಾಲೆಯಲ್ಲಿ ತಪ್ಪಿದರೂ ಅರದಿಂದ ಉಜ್ಜಿದರೂ ತೂಕ ಕಡಿಮೆಯೇ. ಚೂರು ಹೋದ ಜಾಗಕ್ಕೆ ನೇರ ಎದುರಿನ ಅಂಚನ್ನು ನೋಡಿ. ಬಿಲ್ಲೆಯಲ್ಲಿ ಏಟಿಗೆ ಮೊದಲೇ ಆ ಕೊರೆ (ಚೂರು ಹೋದ ಜಾಗ) ಇದ್ದಿದ್ದರೆ, ಅಂಚನ್ನು ಎಬ್ಬಿಸುವ ಯಂತ್ರದಲ್ಲಿ ಎದುರು ಬದಿಗೆ ಒತ್ತಡ ಸಾಲದೆ ಅಲ್ಲಿನ ಅಂಚು ಮಂಕಾಗಿರುತ್ತದೆ. ಎಲ್ಲ ಅಸಲಿ ನಾಣ್ಯಗಳಲ್ಲೂ ಈ ಗುರುತು ಸ್ಪಷ್ಟವಾಗಿರುವುದಿಲ್ಲ, ಆದರೆ ಇದ್ದರೆ ದೊಡ್ಡ ಸಾಕ್ಷಿ. ಕೊರೆಯ ಪಕ್ಕದ ಅಕ್ಷರಗಳು ಆ ಕಡೆಗೆ ಎಳೆದಂತೆ ತೆಳುವಾಗಿದ್ದರೆ ಇನ್ನೂ ಒಳ್ಳೆಯದು. ಚಾಕುವಿನಿಂದ ಕತ್ತರಿಸಿದಂತೆ ಥಟ್ಟನೆ ನಿಂತಿದ್ದರೆ ಅರದ ಗೀರುಗಳನ್ನು ಹುಡುಕಿ.

ಒಂದು ಮಾತು ಮರೆತೆ: ಪರೀಕ್ಷೆಗೆ ಮುನ್ನ ಇವನ್ನು ಹುಣಸೆಹಣ್ಣು ಹಚ್ಚಿ ತಿಕ್ಕಬೇಡಿ. ಏಟಿನ ಹೊತ್ತಿನ ಮೂಲ ಹೊಳಪು ಕೊರೆಯ ತುದಿಯವರೆಗೂ ಹಬ್ಬಿದೆಯೇ ಎಂದು ನೋಡಬೇಕಾಗುತ್ತದೆ, ತಿಕ್ಕಿದರೆ ಅದೇ ಹೋಗುತ್ತದೆ.