ನೃತ್ಯ ಪ್ರಶ್ನೋತ್ತರ: ಟೀಚರ್, ನಿಮ್ಗೆ ಯಾರ ಡ್ಯಾನ್ಸ್ ಇಷ್ಟ?

ಈ ಸಲ ಬಂದಿರೋ ಪತ್ರ, ವಾಟ್ಸಾಪ್ ಮೆಸೇಜು ಎಲ್ಲ ಸೇರಿ ಅರ್ಧಕ್ಕಿಂತ ಜಾಸ್ತಿ ದೊಡ್ಡ ದೊಡ್ಡ ಕಲಾವಿದರ ಬಗ್ಗೆನೇ ಇದ್ವು, ಅದಕ್ಕೆ ಅವನ್ನೇ ಒಟ್ಟಿಗೆ ತಗೊಂಡಿದೀನಿ. ಅರೆಮಂಡಿ (ಮಂಡಿ ಬಗ್ಗಿಸಿ ಅರ್ಧ ಕೂತ ಭಂಗಿ) ಕೂತ್ರೆ ಮಂಡಿನೋವು ಬರುತ್ತಾ ಅಂತ ಕೇಳಿದೋರು ಮುಂದಿನ ಸಂಚಿಕೆವರೆಗೂ ಸ್ವಲ್ಪ ಕಾಯ್ರಿ.

ಪ್ರಶ್ನೆ: ಮೇಡಂ, ನಿಮ್ಗೆ ತುಂಬಾ ಇಷ್ಟವಾದ ಡ್ಯಾನ್ಸರ್ ಯಾರು? ಒಬ್ರ ಹೆಸ್ರು ಮಾತ್ರ ಹೇಳ್ಬೇಕು, ನಾಲ್ಕೈದು ಜನರ ಹೆಸ್ರು ಹೇಳಿ ತಪ್ಪಿಸ್ಕೋಬಾರ್ದು. (ವಿದ್ವತ್ ಪರೀಕ್ಷೆಗೆ ಓದ್ತಿರೋ ಹುಡುಗಿ, ಹಾಸನ)

ಒಬ್ರೇ ಅಂದ್ರೆ ಮೈಸೂರಿನ ಕೆ. ವೆಂಕಟಲಕ್ಷಮ್ಮನೋರು. ಎರಡನೇ ಮಾತೇ ಇಲ್ಲ.

ಥಿಯರಿ ಪೇಪರ್‌ಗೆ ನೀನು ಇವ್ರ ಬಗ್ಗೆ ಟಿಪ್ಪಣಿ ಓದಿರ್ತೀಯ, 1906ರಲ್ಲಿ ಕಡೂರು ಕಡೆ ತಂಗಲಿ ತಾಂಡ್ಯದಲ್ಲಿ ಲಂಬಾಣಿ ಮನೆತನದಲ್ಲಿ ಹುಟ್ಟಿದ್ರು, ಪದ್ಮಭೂಷಣ ಬಂತು, ಅಷ್ಟೇ ಬಾಯಿಪಾಠ ಮಾಡಿರ್ತೀಯ. ಆದ್ರೆ ಅದರ ಮಧ್ಯೆ ಏನಾಯ್ತು ಅಂತ ಸ್ವಲ್ಪ ಯೋಚ್ನೆ ಮಾಡು. ಎಂಟು ವರ್ಷದ ಮಗು ಜಟ್ಟಿ ತಾಯಮ್ಮನೋರ ಹತ್ರ ಕಲಿಯೋಕೆ ಸೇರ್ಕೊಳ್ಳುತ್ತೆ. ಈ ತಾಯಮ್ಮ ಅಂದ್ರೆ ಸಾಮಾನ್ಯದೋರಲ್ಲ, ಅಪ್ಪ ದಾಸಪ್ಪನೋರು ಅರಮನೆ ಕುಸ್ತಿ ಜಟ್ಟಿ, ಮಗಳು ಮಾತ್ರ ಪಂಡಿತರ ಹತ್ರ ಕೂತು ಸಾಹಿತ್ಯ ಅರ್ಥ ಮಾಡ್ಕೊಂಡು ಅಭಿನಯಕ್ಕೆ ಇಳಿದೋರು. ನಮ್ಮ ಮೈಸೂರು ಶೈಲಿ ಅಂದ್ರೆ ಅದೇ ನೋಡಿ, ಅಷ್ಟಪದಿ, ಅಮರುಶತಕದ ಶ್ಲೋಕ, ಜಾವಳಿ ಅನ್ನೋ ಪ್ರೇಮದ ಹಾಡು, ತಾವೇ ಹಾಡ್ಕೊಂಡು ತಾವೇ ಅಭಿನಯ ಮಾಡೋದು, ಕಣ್ಣಲ್ಲಿ ಅರ್ಧ ಕಥೆ ಮುಗೀಬೇಕು, ಇಡೀ ಸ್ಟೇಜ್ ಓಡಾಡೋ ಅವಸರನೇ ಇಲ್ಲ.

ವೆಂಕಟಲಕ್ಷಮ್ಮನೋರು ನಾಲ್ವಡಿಯವರ ಕಾಲದಲ್ಲಿ ಆಸ್ಥಾನ ವಿದುಷಿ ಆದ್ರು. ಆಮೇಲೆ ಸ್ವಾತಂತ್ರ್ಯ ಬಂತು, ಅದೇ 1947ರಲ್ಲಿ ತಾಯಮ್ಮನೂ ಹೋಗ್ಬಿಟ್ರು, ರಾಜಾಶ್ರಯದ ಕಾಲನೂ ಮುಗೀತು. ಆಸ್ಥಾನವನ್ನೇ ನಂಬ್ಕೊಂಡಿದ್ದ ಎಷ್ಟೋ ವಿದ್ಯೆಗಳು ಹಿಂಗೇ ನಿಂತು ಹೋಗಿದಾವೆ. ಈಯಮ್ಮ ನಿಲ್ಲಲಿಲ್ಲ. 1965ರಲ್ಲಿ ಮೈಸೂರು ಯೂನಿವರ್ಸಿಟಿನಲ್ಲಿ ನೃತ್ಯ ವಿಭಾಗ ಶುರುವಾದಾಗ ಮೊದಲ ರೀಡರ್ ಇವ್ರೇ, ಆಗ್ಲೇ ಅರವತ್ತರ ಹತ್ರ ವಯಸ್ಸು. ದರ್ಬಾರಲ್ಲಿ ಕಲಿತದ್ದನ್ನ ಅಟೆಂಡೆನ್ಸ್ ಹಾಕೋ ಕ್ಲಾಸ್‌ರೂಮಿಗೆ ತಂದ್ರು. ಬೆಂಗಳೂರಿನ ಲಲಿತಾ ಶ್ರೀನಿವಾಸನ್ ಅಂಥೋರು ಇವ್ರ ಹತ್ರ ಅಭಿನಯ ಕಲಿತು ಮುಂದಕ್ಕೆ ತಗೊಂಡು ಹೋಗ್ಲಿಲ್ಲ ಅಂದಿದ್ರೆ ಇವತ್ತು ಮೈಸೂರು ಬಾನಿ (ಮೈಸೂರು ಶೈಲಿ) ಅಂತ ಬಾಯಲ್ಲಿ ಹೇಳ್ಕೊಳ್ಳೋಕಷ್ಟೇ ಉಳೀತಿತ್ತು. ಒಬ್ಬ ಕಲಾವಿದೆ ಎಷ್ಟು ಚೆನ್ನಾಗಿ ಕುಣಿದ್ಲು ಅಂತ ನಾನು ಆಮೇಲೆ ನೋಡ್ತೀನಿ, ಮೊದ್ಲು ಯಾರ ಹತ್ರ ಕಲಿತ್ಲು, ಯಾರಿಗೆ ಕೊಟ್ಟು ಹೋದ್ಲು ಅಂತ ಕೇಳ್ತೀನಿ. ಇದು ಟೀಚರ್ ಬುದ್ಧಿ, ಏನ್ ಮಾಡೋಕಾಗುತ್ತೆ.

ಪ್ರಶ್ನೆ: ರುಕ್ಮಿಣಿ ದೇವಿ ದೊಡ್ಡೋರಾ, ಬಾಲಸರಸ್ವತಿ ದೊಡ್ಡೋರಾ? ನಮ್ಮ ಕ್ಲಾಸಲ್ಲಿ ಇದೇ ಜಗಳ. (ಓದುಗರೊಬ್ಬರು, ಬೆಂಗಳೂರು)

ಈ ಜಗಳ ನಿಮ್ಮ ಕ್ಲಾಸಿಗಿಂತ ತುಂಬಾ ಹಳೇದಪ್ಪ.

ರುಕ್ಮಿಣಿ ದೇವಿಯವ್ರು 1935ರಲ್ಲಿ ಮದರಾಸಿನ ಅಡ್ಯಾರ್‌ನಲ್ಲಿ ಮೊದಲ ಸಲ ಎಲ್ಲರೆದುರು ಕುಣಿದ್ರು, ಆಗಿನ ಕಾಲಕ್ಕೆ ಬ್ರಾಹ್ಮಣರ ಮನೆ ಹೆಣ್ಮಗಳು, ಅದೂ ಮೂವತ್ತು ದಾಟಿದೋಳು ಸದಿರ್ (ದೇವದಾಸಿಯರು ಮಾಡ್ತಿದ್ದ ಭರತನಾಟ್ಯದ ಹಳೇ ಹೆಸ್ರು) ಕುಣೀತಾಳೆ ಅಂದ್ರೆ ಊರೆಲ್ಲ ಮಾತಾಡ್ತು. ಮರುವರ್ಷ ಕಲಾಕ್ಷೇತ್ರ ಅನ್ನೋ ನೃತ್ಯಶಾಲೆ ಕಟ್ಟಿದ್ರು. ಡ್ರೆಸ್ಸು, ಲೈಟು, ಸ್ಟೇಜಿನ ಶಿಸ್ತು, ಗೆರೆ ಎಳೆದಂಗೆ ಇರೋ ಅಡವು (ಕೈಕಾಲಿನ ಮೂಲ ಹೆಜ್ಜೆಗಳು), ಇವತ್ತು ನೀವು ಭರತನಾಟ್ಯ ಅಂತ ಕಣ್ಮುಚ್ಚಿ ಊಹಿಸ್ಕೊಳ್ಳೋ ಚಿತ್ರ ಇದೆಯಲ್ಲ ಅದ್ರಲ್ಲಿ ಮುಕ್ಕಾಲು ಪಾಲು ಅಲ್ಲಿಂದ ಬಂದಿದ್ದು. ನಮ್ಮ ಮೈಸೂರು ವಾಸುದೇವಾಚಾರ್ಯರು ಇಳಿವಯಸ್ಸಲ್ಲಿ ಕಲಾಕ್ಷೇತ್ರಕ್ಕೆ ಹೋಗಿ ಅವರ ರಾಮಾಯಣ ನೃತ್ಯನಾಟಕಗಳಿಗೆ ಸಂಗೀತ ಮಾಡಿಕೊಟ್ರು, ಅವ್ರು ತೀರ್ಕೊಂಡ ಮೇಲೆ ಉಳಿದದ್ದನ್ನ ಮೊಮ್ಮಗ ರಾಜಾರಾಂ ಮುಗಿಸಿದ್ರು.

ಬಾಲಸರಸ್ವತಿಯವ್ರದ್ದು ಬೇರೆ ದಾರಿ. ವೀಣಾ ಧನಮ್ಮಾಳ್ ಮೊಮ್ಮಗಳು, ದೇವದಾಸಿ ಪರಂಪರೆಯ ಮನೆ, ಕಂದಪ್ಪ ಪಿಳ್ಳೈ ಗುರು, ಏಳು ವರ್ಷಕ್ಕೇ ಕಾಂಚೀಪುರದಲ್ಲಿ ಅರಂಗೇಟ್ರಂ, ಅಂದ್ರೆ ರಂಗಪ್ರವೇಶ. ಶೃಂಗಾರವನ್ನ ತೊಳೆದು ಶುದ್ಧ ಮಾಡ್ತೀವಿ ಅನ್ನೋರಿಗೆ ಇವ್ರು ಕೊನೆವರೆಗೂ ಒಪ್ಪಲಿಲ್ಲ, ತೊಳೆಯೋಕೆ ಅಲ್ಲಿ ಕೊಳೆ ಎಲ್ಲಿದೆ ಅನ್ನೋದೇ ಅವ್ರ ವಾದ. 1947ರಲ್ಲಿ ಮದರಾಸಲ್ಲಿ ದೇವದಾಸಿ ಪದ್ಧತಿ ತಡೆಯೋ ಕಾನೂನು ಬಂತು, ನಮ್ಮ ಮೈಸೂರು ಸಂಸ್ಥಾನದಲ್ಲಂತೂ 1909ರಲ್ಲೇ ದೇವಸ್ಥಾನದ ಆ ಸೇವೆ ನಿಲ್ಲಿಸಿದ್ರು, ಶೋಷಣೆ ನಿಲ್ಲಬೇಕಾಗಿತ್ತು ನಿಜ, ಆದ್ರೆ ಆ ಹೆಣ್ಮಕ್ಕಳ ವಿದ್ಯೆನ ಬೇರೆಯೋರು ತಗೊಂಡು ಅವ್ರ ಹೆಸರನ್ನ ಮಾತ್ರ ಆಚೆ ಬಿಟ್ರು ಅನ್ನೋ ಬೇಜಾರು ನನಗೆ ಇವತ್ತಿಗೂ ಇದೆ. ರುಕ್ಮಿಣಿ ದೇವಿಗೇ ಮೊದ್ಲು ಕಲಿಸಿದ್ದು ಮೈಲಾಪುರದ ಗೌರಿ ಅಮ್ಮಾಳ್, ಅವ್ರೂ ಅದೇ ಪರಂಪರೆಯೋರು. ಇದನ್ನ ಎಷ್ಟು ಜನ ಟೀಚರ್‌ಗಳು ಕ್ಲಾಸಲ್ಲಿ ಹೇಳ್ತಾರೆ ಹೇಳಿ?

ಯಾರು ದೊಡ್ಡೋರು ಅಂತ ನನ್ನನ್ನ ಕಟ್ಟಿಹಾಕಿ ಕೇಳಿದ್ರೆ, ಅಡವು ತಿದ್ದೋವಾಗ ನಾನು ರುಕ್ಮಿಣಿ ದೇವಿ ಕಡೆ, ಪದ (ಅಭಿನಯಕ್ಕೆ ಅಂತಿರೋ ನಿಧಾನದ ಹಾಡು) ಹೇಳಿಕೊಡೋವಾಗ ಬಾಲಮ್ಮನ ಕಡೆ. ಆದ್ರೆ ಅಡವು ಯಾರು ಬೇಕಾದ್ರೂ ತಿದ್ದಬಹುದು, ಪದ ಹೇಳಿಕೊಡೋರು ಸಿಗೋದು ಕಷ್ಟ. ಉತ್ತರ ಗೊತ್ತಾಯ್ತಲ್ಲ.

ಪ್ರಶ್ನೆ: ನನ್ನ ಮಗನಿಗೆ ಹತ್ತು ವರ್ಷ, ಭರತನಾಟ್ಯ ಅಂದ್ರೆ ಪ್ರಾಣ. ಅವರಪ್ಪ, ಅಜ್ಜಿ ಇಬ್ರೂ ಬೇಡ ಅಂತಾರೆ, ಗಂಡುಮಕ್ಕಳು ಕಲಿತು ಏನ್ಮಾಡ್ತಾರೆ ಅಂತ. ಅವ್ರಿಗೆ ಏನು ಹೇಳ್ಲಿ? (ಹೆಸರು ಹಾಕ್ಬೇಡಿ ಅಂದ ತಾಯಿ, ತುಮಕೂರು)

ಅಮ್ಮಾ, ಅಜ್ಜಿಗೆ ಯು.ಎಸ್. ಕೃಷ್ಣರಾಯರ ಕಥೆ ಹೇಳಿ. ಬೆಂಗಳೂರು ಸೆಂಟ್ರಲ್ ಕಾಲೇಜಲ್ಲಿ ಕೆಮಿಸ್ಟ್ರಿ ಪ್ರೊಫೆಸರ್, ಅದೇ ಮನುಷ್ಯ ಪಂದನಲ್ಲೂರಿನ ಮೀನಾಕ್ಷಿಸುಂದರಂ ಪಿಳ್ಳೈ ಹತ್ರ ಭರತನಾಟ್ಯ ಕಲಿತು, ಹೆಂಡ್ತಿ ಚಂದ್ರಭಾಗಾ ದೇವಿ ಜೊತೆ ದೇಶವಿದೇಶ ಸುತ್ತಿ ಕುಣಿದ್ರು. ಗಂಡ ಹೆಂಡ್ತಿ ಜೋಡಿಯಾಗಿ ಸ್ಟೇಜ್ ಮೇಲೆ, ಅದೂ 1940ರ ದಶಕದಲ್ಲಿ! ಸೋನಲ್ ಮಾನ್‌ಸಿಂಗ್ ಬೆಂಗಳೂರಿಗೆ ಬಂದು ಭರತನಾಟ್ಯ ಕಲಿತಿದ್ದು ಈ ದಂಪತಿ ಹತ್ರಾನೇ. ಸರ್ಕಾರಿ ಕೆಲ್ಸನೂ ಆಯ್ತು, ಗೆಜ್ಜೆನೂ ಆಯ್ತು, ಇನ್ನೇನು ಬೇಕಂತೆ ಅವರಪ್ಪಂಗೆ?

ಅದೇ ಪಂದನಲ್ಲೂರು ಮೇಷ್ಟ್ರ ಹತ್ರ ಬೆಂಗಳೂರಿನ ರಾಂ ಗೋಪಾಲ್ ಕಲಿತ್ರು, ಕುಂಜು ಕುರುಪ್ ಹತ್ರ ಕಥಕ್ಕಳಿನೂ ಕಲಿತು 1939ರ ಹೊತ್ತಿಗೆಲ್ಲ ಲಂಡನ್ನಿನ ಥಿಯೇಟರಲ್ಲಿ ಕುಣಿದು ಬಂದಿದ್ರು. ಮಂಗಳೂರಿನ ಶಾಂತಾ ರಾವ್ ಕಲಿತಿದ್ದೂ ಅಲ್ಲೇ, ರುಕ್ಮಿಣಿ ದೇವಿನೂ ಅವ್ರ ಶಿಷ್ಯೆನೇ. ಯೋಚ್ನೆ ಮಾಡಿ, ತಂಜಾವೂರು ಕಡೆ ಒಂದು ಹಳ್ಳಿ, ಅಲ್ಲೊಬ್ಬ ವಯಸ್ಸಾದ ನಟ್ಟುವನಾರ್ (ನೃತ್ಯ ಕಲಿಸೋ ಗುರು) ಜಗಲಿ ಮೇಲೆ ಕೂತು ತಟ್ಟುಮಣೆ ಮೇಲೆ ಕೋಲು ಬಡೀತಾ ಹೇಳಿಕೊಟ್ಟಿದ್ದು ಇಡೀ ಪ್ರಪಂಚಕ್ಕೆ ಹೋಯ್ತು. ಆತನೂ ಗಂಡಸೇ, ಅಜ್ಜಿಗೆ ಇದನ್ನೂ ಹೇಳಿ. ಒಡಿಸ್ಸಿಯ ಕೇಲುಚರಣ್ ಮಹಾಪಾತ್ರ, ಕಥಕ್‌ನ ಬಿರ್ಜು ಮಹಾರಾಜ್, ಇಬ್ರಿಗೂ ಪದ್ಮವಿಭೂಷಣ ಬಂದಿದೆ, ಈ ಇಬ್ರ ವಿಡಿಯೋ ಹಾಕಿ ಮನೇಲಿ ಎಲ್ಲರ ಜೊತೆ ಕೂತು ನೋಡಿ. ಕೇಲುಬಾಬು ಬಕ್ಕತಲೆ, ದಪ್ಪ ಮೈ, ಆದ್ರೆ ರಾಧೆ ಮಾಡಿದ್ರೆ ಎದುರಿಗೆ ರಾಧೆನೇ ಇರ್ತಾಳೆ.

ಮಗನ್ನ ಕ್ಲಾಸಿಗೆ ಸೇರ್ಸಿ. ಸ್ಕೂಲಲ್ಲಿ ಆಡ್ಕೊಳ್ಳೋರು ಆಡ್ಕೋತಾರೆ, ಆ ಕಷ್ಟ ಇಲ್ಲ ಅಂತ ನಾನು ಸುಳ್ಳು ಹೇಳಲ್ಲ.

ಪ್ರಶ್ನೆ: ಪ್ರಭುದೇವ ನಿಮ್ಮ ಲಿಸ್ಟಲ್ಲಿ ಇದಾರಾ ಇಲ್ವಾ? (ಪಿಯುಸಿ ಹುಡುಗ, ಮಂಡ್ಯ)

ಇದಾರೆ. ಶಾಸ್ತ್ರೀಯ ನೃತ್ಯದೋರು ಮೂಗು ಮುರೀತಾರೆ ಅಂದ್ಕೊಂಡ್ಯಾ? ಹುಟ್ಟಿದ್ದು ಮೈಸೂರಲ್ಲಿ, ಅಪ್ಪ ಮೂಗೂರು ಸುಂದರ್ ಮಾಸ್ಟರ್, ಟಿ. ನರಸೀಪುರದ ಹತ್ರದ ಆ ಮೂಗೂರಿಗೆ ತನ್ನದೇ ಆದ ನಾಟ್ಯ ಪರಂಪರೆ ಇದೆ, ಹುಡುಕಿ ಓದು. ಪ್ರಭುದೇವ ಭರತನಾಟ್ಯ ಕಲಿತೋರೇ. ಮೂಳೆ ಇಲ್ದೇ ಇರೋ ಥರ ಕುಣೀತಾರೆ ಅಂತ ಎಲ್ರೂ ಹೇಳ್ತಾರೆ, ನಂಗೆ ಇಷ್ಟ ಆಗೋದು ಅವ್ರ ನಿಲ್ಲಿಸೋ ಜಾಗ, ಅಷ್ಟು ಸ್ಪೀಡಲ್ಲಿ ಬಂದು ತಾಳಕ್ಕೆ ಸರಿಯಾಗಿ ಟಕ್ ಅಂತ ನಿಲ್ತಾರಲ್ಲ, ಅದು ಅಡವು ಮಾಡಿದ ಕಾಲು.

ಪ್ರಶ್ನೆ: ನೀವು ಯಾವಾಗ್ಲೂ ಭರತನಾಟ್ಯದೋರ ಬಗ್ಗೆನೇ ಬರೀತೀರಿ. ಯಕ್ಷಗಾನ ನೃತ್ಯ ಅಲ್ವಾ? (ಓದುಗರು, ಹೊನ್ನಾವರ)

ನಿಮ್ಮ ಕೋಪ ನ್ಯಾಯವಾದದ್ದೇ ಮಾರಾಯ್ರೇ. ಕೆರೆಮನೆ ಶಿವರಾಮ ಹೆಗಡೆಯವ್ರು 1934ರಲ್ಲಿ ಕಟ್ಟಿದ ಮೇಳದಲ್ಲಿ ಬೆಳೆದ ಮಗ ಶಂಭು ಹೆಗಡೆ, ಡೆಲ್ಲಿಗೆ ಹೋಗಿ ಮಾಯಾ ರಾವ್ ಹತ್ರ ಕೊರಿಯಾಗ್ರಫಿ ಕಲಿತು ವಾಪಸ್ ಬಂದು ಗುಣವಂತೆಯಲ್ಲಿ ಯಕ್ಷಗಾನ ಕಲಿಸೋ ಕೇಂದ್ರ ಮಾಡಿದ್ರು. ಮಾಯಾ ರಾವ್ ಅಂದ್ರೆ ಬೆಂಗಳೂರು ಮಲ್ಲೇಶ್ವರದೋರು, ಶಂಭು ಮಹಾರಾಜರ ಹತ್ರ ಕಥಕ್, ಆಮೇಲೆ ಮಾಸ್ಕೋದಲ್ಲಿ ಕೊರಿಯಾಗ್ರಫಿ. ಡೆಲ್ಲಿ, ಮಾಸ್ಕೋ, ಹೊನ್ನಾವರ, ಈ ದಾರಿ ನೋಡಿ ಎಲ್ಲಿಂದ ಎಲ್ಲಿಗೆ! ಚಿಟ್ಟಾಣಿ ರಾಮಚಂದ್ರ ಹೆಗಡೆಯವ್ರಿಗೆ 2012ರಲ್ಲಿ ಪದ್ಮಶ್ರೀ ಬಂತು, ಅವ್ರ ಭಸ್ಮಾಸುರ ನೋಡಿದೋರಿಗೆ ನಾನು ಬೇರೆ ಹೇಳೋದು ಬೇಡ. ನನ್ನ ಸ್ಟೂಡೆಂಟ್ಸ್‌ಗೆ ವೀರರಸ ಅಂದ್ರೆ ಹುಬ್ಬು ಗಂಟಿಕ್ಕೋದು ಅಂತ ತಲೇಲಿ ಕೂತಿದೆ, ಅದನ್ನ ಬಿಡಿಸೋಕೆ ಬಡಗುತಿಟ್ಟಿನ (ಯಕ್ಷಗಾನದ ಉತ್ತರದ ಶೈಲಿ) ಒಂದು ಆಟಕ್ಕೆ ಕರ್ಕೊಂಡು ಹೋಗಿ ಕೂರಿಸ್ತೀನಿ.

ಪ್ರಶ್ನೆ: ವಯಸ್ಸು 27, ಐಟಿ ಕೆಲ್ಸ. ಈಗ ಶುರು ಮಾಡಿದ್ರೆ ಲೇಟಾ? (ಓದುಗರು, ವೈಟ್‌ಫೀಲ್ಡ್)

ಪ್ರೊತಿಮಾ ಬೇಡಿ 1975ರಲ್ಲಿ ಮೊದಲ ಸಲ ಒಡಿಸ್ಸಿ ನೋಡ್ದಾಗ 26 ವರ್ಷ, ಮಾಡೆಲಿಂಗ್ ಮಾಡ್ತಿದ್ದೋರು, ಮದುವೆಯಾಗಿ ಮಕ್ಕಳೂ ಇದ್ರು. ಕೇಲುಬಾಬು ಹತ್ರ ಹೋಗಿ ಹಟ ಹಿಡಿದು ಕಲಿತು 1990ರಲ್ಲಿ ನಿಮ್ಮ ಬೆಂಗಳೂರಿನ ಹೆಸರಘಟ್ಟದಲ್ಲಿ ನೃತ್ಯಗ್ರಾಮ ಕಟ್ಟಿದ್ರು, 1998ರಲ್ಲಿ ಹಿಮಾಲಯದ ಮಾಲ್ಪಾ ಭೂಕುಸಿತದಲ್ಲಿ ಹೋಗ್ಬಿಟ್ರು, ಗುರುಕುಲ ಮಾತ್ರ ಇವತ್ತಿಗೂ ನಡೀತಿದೆ. ಆದ್ರೆ ಒಂದು ಮಾತು, ಆಕೆ ಬೇರೆ ಎಲ್ಲ ಬಿಟ್ಟು ಕಲಿತ್ರು. ನೀವು ವೀಕೆಂಡ್ ಕ್ಲಾಸಿಗೆ ಬಂದು ಅದೇ ರಿಸಲ್ಟ್ ಕೇಳ್ಬೇಡಿ. ಖುಷಿಗೆ ಅಂದ್ರೆ ನಾಳೆನೇ ಸೇರ್ಕೊಳ್ಳಿ.

ಪ್ರಶ್ನೆ: ಈಗ ತಾನೇ ಕಲಿಯೋಕೆ ಶುರು ಮಾಡಿದ ಮಕ್ಕಳಿಗೆ ಮೊದ್ಲು ಯಾರ ವಿಡಿಯೋ ತೋರಿಸ್ಬೇಕು? (ಡ್ಯಾನ್ಸ್ ಟೀಚರ್, ಧಾರವಾಡ)

ರೀಲ್ಸ್ ಬೇಡ ರೀ, ಅದನ್ನ ಅವ್ರು ಹೆಂಗಿದ್ರೂ ನೋಡ್ತಾರೆ. ಸತ್ಯಜಿತ್ ರೇ 1976ರಲ್ಲಿ ಬಾಲಸರಸ್ವತಿಯವ್ರ ಮೇಲೆ ‘ಬಾಲ’ ಅಂತ ಒಂದು ಸಣ್ಣ ಸಾಕ್ಷ್ಯಚಿತ್ರ ಮಾಡಿದ್ರು, ಅದ್ರಲ್ಲಿ ಸಮುದ್ರದ ದಂಡೆ ಮೇಲೆ ‘ಕೃಷ್ಣಾ ನೀ ಬೇಗನೆ ಬಾರೋ’ ಇದೆ, ಅಷ್ಟನ್ನ ತೋರಿಸಿ ಸಾಕು. ವ್ಯಾಸರಾಯರ ಕನ್ನಡದ ಪದ, ಯಮುನಾ ಕಲ್ಯಾಣಿ, ತಮಿಳುನಾಡಿನ ಕಲಾವಿದೆ ಅದನ್ನ ಪ್ರಪಂಚಕ್ಕೆಲ್ಲ ಪರಿಚಯ ಮಾಡಿಸಿದ್ರು, ಆದ್ರೆ ಸಾಹಿತ್ಯ ನಮ್ಮ ಮಕ್ಕಳಿಗೆ ಅರ್ಥ ಹೇಳದೇನೇ ತಿಳಿಯುತ್ತೆ, ಅದು ನಮ್ಮ ಅದೃಷ್ಟ. ಆಗ ಅವ್ರಿಗೆ ಐವತ್ತೈದು ದಾಟಿತ್ತು, ಗಾಳಿಗೆ ಸೀರೆ ಹಾರ್ತಿರುತ್ತೆ, ಬಾಲಮ್ಮ ಅದ್ರ ಕಡೆ ನೋಡೋದೂ ಇಲ್ಲ. ಮೊದಲ ಸಲ ಏನೂ ವಿವರಿಸ್ಬೇಡಿ. ಎರಡನೇ ಸಲ ಹಾಕ್ದಾಗ ಕೈ ನೋಡ್ಬೇಡಿ, ಕಣ್ಣು ಎಲ್ಲಿ ಹೋಗುತ್ತೆ ಅಷ್ಟು ಮಾತ್ರ ನೋಡಿ ಅಂತ ಹೇಳಿ, ಮಾರನೇ ಕ್ಲಾಸಲ್ಲಿ ಅದೇ ಎರಡು ಸಾಲನ್ನ ಮಕ್ಕಳ ಕೈಲಿ ಕೂತ್ಕೊಂಡೇ ಮಾಡಿಸಿ.